ಮೂವರಿಗೆ ಮೂರು ಮಚ್ಚೆ

ಫೋಟೋದಮ್ಮ ಹುಟ್ಟಿನಿಂದಲೇ ಅನುಮಾನದ ಹೆಂಗಸಾಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದೆ ಅವಳು ಮಾಡಿದ್ದನ್ನು ಕೇಳಿ ನೀವು ಅವಳಿಗೆ ಬಾಯಿಗೆ ಬಂದಂತೆ ಬೈಯುತ್ತೀರಿ. ಬೈಯಿರಿ, ಬೇಡವೆನ್ನುವುದಿಲ್ಲ, ಪೂರ್ತಿ ಕೇಳಿ ಬೈಯಿರಿ.

ಬೀದಿಯ ತಿರುವಿನಲ್ಲಿರುವ ಸ್ಟುಡಿಯೋ ಅವಳದೂ ಅವಳ ಗಂಡನದೂ. ಗಂಡ ಕ್ಯಾಮೆರಾ ಹಿಡಿಯುತ್ತಾನೆ. ಅವನು ತೆಗೆದದ್ದನ್ನು ಕಂಪ್ಯೂಟರಿನ ಮುಂದೆ ಕೂತು ಚೆಂದ ಮಾಡುವುದು ಇವಳ ಕೆಲಸ. ಮೊಡವೆ, ಗಾಯದ ಕಲೆ, ಕಣ್ಣ ಕೆಳಗಿನ ಕಪ್ಪು, ಎಲ್ಲಕ್ಕೂ ಅವಳಲ್ಲಿ ಮದ್ದುಂಟು. "ನಾನು ಮನುಷ್ಯರನ್ನ ತಂದ್ಕೊಡ್ತೀನಿ, ಇವಳು ಗೊಂಬೆ ಮಾಡಿ ಕಳಿಸ್ತಾಳೆ" ಎಂದು ಗಂಡ ಗಿರಾಕಿಗಳ ಮುಂದೆ ನಗೆಯಾಡುತ್ತಿದ್ದ. ಮದುವೆಯ ಕಾಲದಲ್ಲಿ ಸಾವಿರಗಟ್ಟಲೆ ಫೋಟೋ ಬಂದು ಬೀಳುವುದರಿಂದ ಅವಳು ಕಂಪ್ಯೂಟರಿಗೂ ಒಂದಿಷ್ಟು ಕೆಲಸ ಕಲಿಸಿಟ್ಟಿದ್ದಳು. ಕ್ಯಾಮೆರಾದ ಕಾರ್ಡನ್ನು ಅದರ ಬಾಯಿಗೆ ತುರುಕಿದರೆ ಸಾಕು, ಮುಖ, ಕತ್ತು, ಕೈಗಳ ಮೇಲಿನ ಚುಕ್ಕೆಗಳನ್ನೆಲ್ಲ ಅದೇ ಅಳಿಸಿ, ಆಮೇಲೆ ಫೋಟೋವನ್ನು ಅವಳ ಕಣ್ಣಿಗೆ ತೋರಿಸುತ್ತಿತ್ತು. ಅಳಿಸುವ ಮೊದಲಿನ ಫೋಟೋ ಅವಳು ನೋಡದೆ ವರ್ಷಗಳೇ ಆಗಿದ್ದವು. ನೋಡುವ ಪುರುಸೊತ್ತಾದರೂ ಎಲ್ಲಿತ್ತು?

ಒಮ್ಮೆ ಈ ಕೈಚಳಕ ಎಡವಟ್ಟೂ ಆಗಿತ್ತು. ಮದುವೆಯ ಆಲ್ಬಮ್ ತೆಗೆದುಕೊಂಡು ಹೋದ ಗಂಡೊಬ್ಬ ಮರುದಿನ ಹೆಂಡತಿಯನ್ನೇ ಕರೆದುಕೊಂಡು ಬಂದು, "ಇವಳ ಗಲ್ಲದ ಮಚ್ಚೆ ಎಲ್ಲಮ್ಮ? ನಾನು ಒಪ್ಪಿದ್ದೇ ಆ ಮಚ್ಚೆ ನೋಡಿ" ಎಂದು ಗಲಾಟೆ ಎಬ್ಬಿಸಿದ್ದ. ಫೋಟೋದಮ್ಮ ಒಂದೊಂದೇ ಫೋಟೋ ತೆಗೆದು ಮಚ್ಚೆಯನ್ನು ಕೈಯಾರೆ ಮತ್ತೆ ಇಟ್ಟುಕೊಡಬೇಕಾಯಿತು. ಅಂದಿನಿಂದ ಮಚ್ಚೆ ಇಡುವುದರಲ್ಲಿ ಅವಳ ಕೈ ಎಷ್ಟು ಪಳಗಿತೆಂದರೆ, ಇಟ್ಟದ್ದು ಯಾವುದು, ಹುಟ್ಟಿದ್ದು ಯಾವುದು ಎಂದು ಹೆತ್ತವರಿಗೂ ತಿಳಿಯುತ್ತಿರಲಿಲ್ಲ.

ಇನ್ನು ಮಗಳು. ಹದಿನೇಳರ ಹುಡುಗಿ, ತೆಳ್ಳಗೆ ಉದ್ದಕ್ಕೆ ಬೆಳೆದವಳು, ಮನೆಮಂದಿಯೆಲ್ಲ ಕಡ್ಡಿ ಎಂದೇ ಕರೆಯುತ್ತಿದ್ದರು. ಸ್ಟುಡಿಯೋದ ಆನ್‌ಲೈನ್ ಪುಟಕ್ಕೆ ಚೆಂದದ ಮುಖ ಬೇಕಾದಾಗಲೆಲ್ಲ ಫೋಟೋದಮ್ಮ ಅವಳನ್ನೇ ಕೂರಿಸುತ್ತಿದ್ದಳು. ಹಾಗೆ ಹಾಕಿದ ಒಂದು ಫೋಟೋ ಇನ್ನೊಂದು ಊರಿನ ಟ್ಯೂಷನ್ ಕೇಂದ್ರದ ಜಾಹೀರಾತಿನಲ್ಲಿ ಕಾಣಿಸಿಕೊಂಡಿತು: ಗಣಿತದಲ್ಲಿ ನೂರಕ್ಕೆ ನೂರು ತೆಗೆದ ನಮ್ಮ ಹೆಮ್ಮೆಯ ವಿದ್ಯಾರ್ಥಿನಿ. ಕಡ್ಡಿ ಗಣಿತದಲ್ಲಿ ಪಾಸಾಗಿದ್ದೇ ದೊಡ್ಡದು. ಗಂಡ ಬಿದ್ದು ಬಿದ್ದು ನಕ್ಕ. ಫೋಟೋದಮ್ಮನಿಗೆ ಮಾತ್ರ ಮೈಯೆಲ್ಲ ಉರಿದುಹೋಯಿತು. ಕೇಂದ್ರಕ್ಕೆ ಫೋನ್ ಮಾಡಿದರೆ ಅಲ್ಲಿಯ ಮನುಷ್ಯ ಆಕಳಿಸುತ್ತಾ, "ನೆಟ್ಟಲ್ಲಿ ಸಿಕ್ತು ಮೇಡಂ. ಅಲ್ಲಿ ಬಿದ್ದಿರೋದು ಎಲ್ಲರದ್ದೂ ತಾನೇ" ಎಂದ.

ಇವತ್ತು ಟ್ಯೂಷನ್, ನಾಳೆ ಇನ್ನೆಲ್ಲಿ ಎಂಬ ಯೋಚನೆ ಅವಳ ತಲೆ ಹೊಕ್ಕಿದ್ದು ಆಗಲೇ. ಹೊಕ್ಕಿದ್ದು ಹೊರಗೆ ಬರಲಿಲ್ಲ. ಮಗಳ ಫೋಟೋಗಳನ್ನೆಲ್ಲ ಪುಟದಿಂದ ಕಿತ್ತುಹಾಕಿದಳು. ಉಳಿದವನ್ನು ದೊಡ್ಡದು ಮಾಡಿದರೆ ಒಡೆದುಹೋಗುವಷ್ಟು ಚಿಕ್ಕದು ಮಾಡಿದಳು. ಮೂಲೆಯಲ್ಲಿ ಸ್ಟುಡಿಯೋ ಹೆಸರು ಹಾಕಿದರೆ ಕಳ್ಳರು ಮೂಲೆಯನ್ನೇ ಕತ್ತರಿಸಿ ಬಿಸಾಕುತ್ತಾರೆಂದು ಹೆಸರನ್ನು ಮುಖಗಳ ಮೇಲೆಯೇ ಅಡ್ಡಡ್ಡ ಎಳೆದಳು. ಮದುಮಗಳೊಬ್ಬಳು ಬಂದು, "ನನ್ನ ಮೂಗಿನ ಮೇಲೆ ನಿಮ್ಮ ಫೋನ್ ನಂಬರ್ ಯಾಕಿದೆ ಅಕ್ಕಾ?" ಎಂದು ಕೇಳಿದರೂ ಬಗ್ಗಲಿಲ್ಲ. ಕಡ್ಡಿಗಂತೂ ಕಟ್ಟಪ್ಪಣೆಯಾಯಿತು: ಎಲ್ಲೂ ಒಂದೇ ಒಂದು ಫೋಟೋ ಹಾಕಕೂಡದು. ಅವಳ ಫೋನಿಗೂ ಫೋಟೋ ಕಳಿಸುವುದಿಲ್ಲ. ಮಗಳು ಹ್ಞೂಂ ಎಂದಳು. ಮನೆಯ ಒಳಬಳಗದ ಗುಂಪಿನಲ್ಲಿ ಮಾತ್ರ ಹಾಕಬಹುದೆಂದು ಫೋಟೋದಮ್ಮ ತನಗೆ ತಾನೇ ಒಂದು ರಿಯಾಯಿತಿ ಕೊಟ್ಟುಕೊಂಡಳು. ಆ ಗುಂಪಿನಲ್ಲಿದ್ದವರು ಮೂವರೇ: ಮೊಬೈಲ್ ಅಂಗಡಿಯ ಮೈದುನ, ಬ್ಯಾಂಕಿನಲ್ಲಿರುವ ನಾದಿನಿ ಮತ್ತು ಎರಡು ಬೀದಿಯಾಚೆ ಹೊಲಿಗೆ ಅಂಗಡಿ ಇಟ್ಟಿರುವ ಅವಳ ಸ್ವಂತ ಅಕ್ಕ.

ಅಷ್ಟು ಭದ್ರ ಮಾಡಿದ ಮೇಲೂ ಒಂದು ದಿನ ಗಿರಾಕಿಯೊಬ್ಬಳು ಫೋನನ್ನು ಮುಖಕ್ಕೆ ಹಿಡಿದು, "ಇದು ನಿಮ್ಮ ಹುಡುಗಿ ಅಲ್ವಾ? ನನ್ನ ತಂಗಿ ನೋಡ್ತಿದ್ಲು" ಎಂದಳು.

ಯಾವುದೋ ಗೊತ್ತುಗುರಿಯಿಲ್ಲದ ಪುಟ. ಅದರ ಹೆಸರು 'ಬಾಲವಿಲ್ಲದ ಗಾಳಿಪಟ'. ಅಲ್ಲಿ ಕಡ್ಡಿ ಬೆಕ್ಕನ್ನು ಎತ್ತಿ ಹಿಡಿದ ಫೋಟೋ. ಅರ್ಧ ಮುಖ ಬೆಕ್ಕಿನ ಹಿಂದೆ. ಆ ಫೋಟೋ ಅವಳು ಮನೆಯ ಗುಂಪು ಬಿಟ್ಟರೆ ಇನ್ನೆಲ್ಲೂ ಹಾಕಿರಲಿಲ್ಲ. ಯಾರೋ ತನ್ನ ಮಗಳ ವೇಷ ಹಾಕಿಕೊಂಡು ಕೂತಿದ್ದಾರೆ, ಆ ವೇಷಕ್ಕೆ ಬಟ್ಟೆ ಕೊಟ್ಟವರು ತನ್ನ ಮನೆಯವರೇ. ಗಿರಾಕಿಗೆ "ಯಾರೋ ಅವಳ ಹಾಗೇ ಇದಾರೆ" ಎಂದು ಹಲ್ಲು ಕಿರಿದು ಕಳಿಸಿದಳು.

"ಕಡ್ಡಿಯನ್ನೇ ಒಂದು ಮಾತು ಕೇಳು" ಎಂದ ಗಂಡ.

"ಕೇಳಿ ಹೆದರಿಸ್ಲಾ? ಯಾರೋ ನಿನ್ನ ಹಿಂದೆ ಬಿದ್ದಿದಾರೆ ಅಂದ್ರೆ ಆ ಹುಡುಗಿ ಊಟ ಮಾಡುತ್ತಾ? ಅವಳಿಗೆ ಗೊತ್ತಾಗಬಾರದು. ಯಾರಿಗೂ ಗೊತ್ತಾಗಬಾರದು. ಮೊದಲು ಕಳ್ಳರು ಸಿಗಲಿ."

ಅಲ್ಲಿಂದ ಅವಳ ಕಣ್ಣಿಗೆ ಕಂಡವರೆಲ್ಲ ಕಳ್ಳರಾದರು. ಮೈದುನ ಮೊಬೈಲ್ ಅಂಗಡಿಯವನು, ಅವನ ಕೈಗೆ ಸಿಕ್ಕಿದ್ದು ಊರಿಗೆಲ್ಲ ಸಿಕ್ಕಂತೆ. ನಾದಿನಿಯೋ, ಬಂದದ್ದನ್ನು ಓದುವ ಮೊದಲೇ ಮುಂದೆ ಕಳಿಸುವ ಜಾಯಮಾನದವಳು. ಮೈದುನ ಮನೆಗೆ ಬಂದು ಸುಮ್ಮನೆ ಫೋನ್ ಮೇಜಿನ ಮೇಲಿಟ್ಟರೂ ಫೋಟೋದಮ್ಮ ಅದನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡುವಳು. ನಾದಿನಿ ಫೋನಿನಲ್ಲಿ ನಕ್ಕರೆ, ಇವಳಿಗೇಕೆ ಇಷ್ಟು ಖುಷಿ ಎನ್ನುವಳು. ಅಕ್ಕನ ಮೇಲೆ ಮಾತ್ರ ಅವಳ ಅನುಮಾನ ಹೋಗಲಿಲ್ಲ. ಅಕ್ಕನೆಂದರೆ ಅಕ್ಕ. ಗಂಡಹೆಂಡಿರು ಬೆಳಗಾದರೆ ಮದುವೆಮನೆಗಳಿಗೆ ಓಡುತ್ತಿದ್ದ ಕಾಲದಲ್ಲಿ ಕಡ್ಡಿಯನ್ನು ಸಾಕಿದ್ದೇ ಅವಳು. ಹೊಲಿಗೆ ಯಂತ್ರದ ಪಕ್ಕದಲ್ಲಿ ತೊಟ್ಟಿಲು ಕಟ್ಟಿಕೊಂಡು, ಶಾಲೆಗೆ ಹೋಗುವ ವಯಸ್ಸಾದ ಮೇಲೆ ದಿನಾ ಎರಡು ಜಡೆ ಹಾಕಿ ಕಳಿಸಿ, ಜ್ವರ ಬಂದರೆ ತಾನೇ ನಿದ್ದೆಗೆಟ್ಟು. ಅಕ್ಕನಿಗೆ ಮಕ್ಕಳಿರಲಿಲ್ಲ.

ಅಷ್ಟರಲ್ಲಿ ಇನ್ನೊಂದು ಆಯಿತು. ಕಡ್ಡಿ ಸೊಂಟದವರೆಗಿದ್ದ ಕೂದಲನ್ನು ಕಿವಿಯ ಮೇಲಕ್ಕೆ ಕತ್ತರಿಸಿಕೊಂಡು ಬಂದು ನಿಂತಳು. ಫೋಟೋದಮ್ಮ ಹೌಹಾರಿದಳು. "ಯಾರನ್ನ ಕೇಳಿ ಕತ್ತರಿಸ್ಕೊಂಡೆ?"

"ದೊಡ್ಡಮ್ಮನ್ನ ಕೇಳ್ದೆ. ನಿನ್ನ ತಲೆ, ನಿನ್ನಿಷ್ಟ ಅಂದ್ಲು."

ತಾಯಿ ಮನೆಯಲ್ಲೇ ಇರುವಾಗ ದೊಡ್ಡಮ್ಮನನ್ನು ಕೇಳುವುದೆಂದರೇನು? ಆ ಸಿಟ್ಟಿಗೆ ಅವಳು ಮಗಳ ಮುಖವನ್ನೂ ಸರಿಯಾಗಿ ನೋಡದೆ ಎರಡು ದಿನ ಮಾತು ಬಿಟ್ಟಳು. ಗಂಡನೇ ಸಮಾಧಾನಕ್ಕೆಂದು, "ಬಾರೇ ಕಡ್ಡಿ, ಹೊಸ ತಲೆಗೊಂದು ಫೋಟೋ" ಎಂದು ಅವಳನ್ನು ಕಿಟಕಿಯ ಬೆಳಕಿಗೆ ಬೆನ್ನು ತಿರುಗಿಸಿ ನಿಲ್ಲಿಸಿ, ಮುಖವನ್ನು ಒಂದಿಷ್ಟೇ ಪಕ್ಕಕ್ಕೆ ತಿರುಗಿಸಿ ತೆಗೆದ. ಕುತ್ತಿಗೆ, ಕಿವಿ, ಗಲ್ಲದ ಅಂಚು, ಒಂದು ಹುಬ್ಬು. ನಿಜಕ್ಕೂ ಒಳ್ಳೆಯ ಫೋಟೋ.

ಅದನ್ನು ಪರದೆಯ ಮೇಲೆ ನೋಡುತ್ತಿದ್ದಾಗ ಫೋಟೋದಮ್ಮನಿಗೆ ಉಪಾಯ ಹೊಳೆಯಿತು. ಮೂವರಿಗೂ ಈ ಫೋಟೋ ಬೇರೆಬೇರೆಯಾಗಿ ಕಳಿಸಬೇಕು. ಒಬ್ಬೊಬ್ಬರ ಪ್ರತಿಯಲ್ಲೂ ಒಂದೊಂದು ಮಚ್ಚೆ, ಒಂದೊಂದು ಜಾಗದಲ್ಲಿ. ಕಳ್ಳರ ಪುಟದಲ್ಲಿ ಯಾವ ಮಚ್ಚೆ ಕಾಣುತ್ತದೋ ಅವರೇ ಕಳ್ಳರು. ಸ್ಟುಡಿಯೋ ಹೆಸರನ್ನಾದರೆ ಕತ್ತರಿಸಬಹುದು, ಒರೆಸಬಹುದು. ಮಚ್ಚೆಯನ್ನು ಯಾರು ಅನುಮಾನಿಸುತ್ತಾರೆ?

ಮೈದುನನ ಪ್ರತಿಗೆ ಗಲ್ಲದ ಅಂಚಿನಲ್ಲಿ ಒಂದು ಇಟ್ಟಳು. ನಾದಿನಿಯದಕ್ಕೆ ಹುಬ್ಬಿನ ತುದಿಯಲ್ಲಿ. ಅಕ್ಕನದಕ್ಕೆ ಬೇಡವೆಂದುಕೊಂಡಳು, ಆಮೇಲೆ ಲೆಕ್ಕ ಸರಿಯಿರಲಿ ಎಂದು ಅದಕ್ಕೂ ಇಡಲು ಹೊರಟಳು. ಎಲ್ಲಿಡಲಿ ಎಂದು ಹುಡುಕುವಾಗ ಎಡಗಿವಿಯ ಹಿಂದೆ, ಕೂದಲು ಮುಗಿಯುವಲ್ಲಿ, ಒಂದು ಜಾಗ ಅವಳ ಕಣ್ಣಿಗೆ ಬೋಳುಬೋಳಾಗಿ ಕಂಡಿತು. ಅಲ್ಲೇನೋ ಕಡಿಮೆಯಾದಂತೆ, ಚರ್ಮ ಅಗತ್ಯಕ್ಕಿಂತ ಹೆಚ್ಚು ನಯವಾದಂತೆ. ಕೈ ತಾನಾಗಿ ಅಲ್ಲಿಗೆ ಹೋಗಿ ಸಾಸಿವೆ ಕಾಳಿನಷ್ಟು ಕಪ್ಪನ್ನು ಇಟ್ಟಿತು. ಇಟ್ಟ ಮೇಲೆ ಫೋಟೋಗೆ ಜೀವ ಬಂದ ಹಾಗಾಯಿತು. ಅದನ್ನು ನೋಡಿ ಅವಳಿಗೆ ತನ್ನ ಕೈಯ ಬಗ್ಗೆ ಹೆಮ್ಮೆಯೂ ಆಯಿತು, ಅದನ್ನೂ ಮುಚ್ಚಿಡುವುದು ಬೇಡ.

ಮೂವರಿಗೂ ಕಳಿಸಿದಳು. ಮೈದುನ ಹೆಬ್ಬೆರಳೆತ್ತಿದ ಚಿತ್ರ ಕಳಿಸಿದ. ನಾದಿನಿ ಹೃದಯಗಳ ಮಳೆ ಸುರಿಸಿದಳು. ಅಕ್ಕ "ಚೆಂದ ಇದೆ" ಎಂದು ಬರೆದಳು.

ಆಮೇಲೆ ಕಾಯುವುದು. ಒಗ್ಗರಣೆ ಹಾಕುವಾಗಲೂ ಒಂದು ಕೈ ಫೋನಿನ ಮೇಲೆ. ಗಾಳಿಪಟದ ಪುಟ ತೆರೆಯುವುದು, ಮುಚ್ಚುವುದು. ಒಂದು ಮಧ್ಯಾಹ್ನ ತೆರೆದರೆ, ಇತ್ತು. ಅದೇ ಕುತ್ತಿಗೆ, ಅದೇ ಕಿವಿ, ಕೆಳಗೆ 'ನನ್ನ ಹೊಸ ತಲೆ' ಎಂಬ ಬರಹ. ಗಲ್ಲದ ಅಂಚು ನೋಡಿದಳು: ಏನೂ ಇಲ್ಲ. ಹುಬ್ಬಿನ ತುದಿ: ಏನೂ ಇಲ್ಲ. ಎಡಗಿವಿಯ ಹಿಂದೆ ಸಾಸಿವೆ ಕಾಳಿನಷ್ಟು ಕಪ್ಪು.

ಫೋಟೋದಮ್ಮ ಗಂಡನನ್ನು ಕೂಗಿದಳು. ಗಂಡ ಬಂದು ಬಗ್ಗಿ ನೋಡಿ, ಕನ್ನಡಕ ಸರಿಮಾಡಿಕೊಂಡು, "ಇದರಲ್ಲಿ ಚರ್ಮ ಸ್ವಲ್ಪ ಒರಟಾಗಿ ಕಾಣ್ತಿದೆ ಅಲ್ವಾ? ನಿನ್ನ ಫೋಟೋ ಥರ ಇಲ್ಲ" ಎಂದ.

"ಕದ್ದು ಕತ್ತರಿಸಿ ಹಿಗ್ಗಿಸಿದ್ರೆ ಒರಟಾಗದೆ ಇನ್ನೇನಾಗುತ್ತೆ? ಮಚ್ಚೆ ನೋಡ್ರೀ. ಮಚ್ಚೆ ನಾನಿಟ್ಟಿದ್ದು."

"ಆದ್ರೂ ನಿಮ್ಮಕ್ಕ..."

"ನಮ್ಮಕ್ಕನೇ." ಅಷ್ಟು ಹೇಳಿ ಚಪ್ಪಲಿ ಮೆಟ್ಟಿದಳು.

ಹೊಲಿಗೆ ಅಂಗಡಿಯಲ್ಲಿ ಅಕ್ಕ ಒಬ್ಬಳೇ ಇದ್ದಳು. ಯಾರದೋ ಅಂಗಿಯ ಕಾಲರಿಗೆ ಹೊಲಿಗೆ ಹಾಕುತ್ತಿದ್ದವಳು ತಂಗಿಯ ಮುಖ ನೋಡಿ ಯಂತ್ರ ನಿಲ್ಲಿಸಿದಳು. "ಯಾಕೆ ಪುಟ್ಟಿ, ಓಡಿ ಬಂದಿದೀಯ? ಕಡ್ಡಿಗೇನಾದ್ರೂ ಆಯ್ತಾ?"

"ಕಡ್ಡಿ ಕಡ್ಡಿ ಅಂತ ಬಾಯಲ್ಲಿ ಬೆಣ್ಣೆ ಸುರಿಸಬೇಡ. ಅವಳ ಫೋಟೋ ಯಾರಿಗೆ ಕೊಟ್ಟೆ, ಕಳ್ಳಿ?"

ಅಕ್ಕನಿಗೆ ಅರ್ಥವಾಗಲಿಲ್ಲ. ಅರ್ಥವಾಗದ ಮುಖ ಕಂಡು ತಂಗಿಗೆ ಇನ್ನೂ ರೇಗಿತು. ಗಾಳಿಪಟದ ಪುಟವನ್ನು ತೆರೆದು ಫೋನನ್ನು ಕತ್ತರಿಯ ಪಕ್ಕ ಕುಕ್ಕಿ, ಮೂವರಿಗೆ ಮೂರು ಮಚ್ಚೆ ಇಟ್ಟು ಕಳಿಸಿದ ಕಥೆಯನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಹೇಳುತ್ತ ಹೇಳುತ್ತ ನಾಲಿಗೆ ಹಿಡಿತ ತಪ್ಪಿತು. ಅದಕ್ಕೆ ಮೊದಲು ಎಂದೂ ಆಡದ ಮಾತು ಅವತ್ತು ಆಡಿದಳು. "ಕೂದಲು ಕತ್ತರಿಸೋಕೂ ನಿನ್ನ ಅಪ್ಪಣೆ. ಈಗ ಅವಳ ಹೆಸರಲ್ಲಿ ಒಂದು ಪುಟ. ನಿನಗೆ ಮಕ್ಕಳಾಗಲಿಲ್ಲ ಅಂತ ನನ್ನ ಮಗಳನ್ನ ಆಟದ ಗೊಂಬೆ ಮಾಡ್ಕೊಂಡು ಊರಿಗೆಲ್ಲ ತೋರಿಸ್ತಿದೀಯಾ?"

ಅಕ್ಕ ಕೈಯಲ್ಲಿದ್ದ ಅಂಗಿಯನ್ನು ಪಕ್ಕಕ್ಕಿಟ್ಟಳು. ತನ್ನ ಫೋನನ್ನು ಬಟ್ಟೆಯ ರಾಶಿಯಡಿಯಿಂದ ಹುಡುಕಿ ತೆಗೆದು ತಂಗಿಯ ಕೈಗಿಟ್ಟಳು. ಗಾಜು ಒಡೆದ ಹಳೆಯ ಫೋನು. ತಂಗಿ ಕಳಿಸಿದ ಫೋಟೋ ಅದರಲ್ಲಿ ಮಂಜು ಕವಿದ ಹಾಗೆ ಮಸುಕಾಗಿ ಕೂತಿತ್ತು, ನಡುವೆ ಇಳಿಸಿಕೊಳ್ಳಿ ಎನ್ನುವ ಬಾಣದ ಗುರುತು. ಅದನ್ನು ಇನ್ನೂ ಯಾರೂ ಒತ್ತಿರಲಿಲ್ಲ.

"ಇದರ ಹೊಟ್ಟೆ ತುಂಬಿದೆಯಂತೆ, ಯಾವ ಫೋಟೋನೂ ತೆರೆಯಲ್ಲ. ನೀನು ಬೇಜಾರು ಮಾಡ್ಕೋತೀಯ ಅಂತ ಚೆಂದ ಇದೆ ಅಂದೆ" ಎಂದಳು ಅಕ್ಕ.

"ಮತ್ತೆ ಆ ಮಚ್ಚೆ? ನಾನು ನಿನಗೊಬ್ಬಳಿಗೇ ಇಟ್ಟಿದ್ದು."

ಅಕ್ಕ ತಂಗಿಯ ಫೋನನ್ನು ಬೆಳಕಿಗೆ ಹಿಡಿದು ನೋಡಿದಳು. "ಪುಟ್ಟಿ, ಇದು ನೀನಿಟ್ಟಿದ್ದಲ್ಲ ಕಣೇ. ಇದು ಅವಳದ್ದೇ. ಎಡಗಿವಿ ಹಿಂದೆ, ಹುಟ್ಟಿದಾಗಿನಿಂದ ಇದೆ. ಎಷ್ಟು ವರ್ಷ ಸ್ನಾನ ಮಾಡಿಸಿದೀನಿ, ಎಷ್ಟು ಜಡೆ ಹಾಕಿದೀನಿ, ನನಗೆ ಗೊತ್ತಿಲ್ವಾ?" ತಂಗಿಯ ಕಡೆ ತಿರುಗಿ, "ನಿನಗೆ ಗೊತ್ತಿರಲಿಲ್ವಾ?" ಎಂದಳು.

ಆ ಕೊನೆಯ ಪ್ರಶ್ನೆಯಲ್ಲಿ ಚುಚ್ಚುವ ಉದ್ದೇಶ ಎಳ್ಳಷ್ಟೂ ಇರಲಿಲ್ಲ. ಅವಳಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. ಫೋಟೋದಮ್ಮ ತನ್ನ ಫೋನು ತೆಗೆದುಕೊಂಡು, ಹೇಗೆ ಬಂದಳೋ ಹಾಗೇ ಹೊರಟಳು. ದಾರಿಯಲ್ಲಿ ಯಾರೋ ಮಾತಾಡಿಸಿದ್ದು ಅವಳಿಗೆ ಕೇಳಿಸಲೇ ಇಲ್ಲ.

ಮನೆಯಲ್ಲಿ ಕಡ್ಡಿ ಊಟದ ಮೇಜಿಗೆ ಕೂತು ಏನೋ ಬರೆಯುತ್ತಿದ್ದಳು. ಫೋಟೋದಮ್ಮ ಸದ್ದಿಲ್ಲದೆ ಅವಳ ಹಿಂದೆ ಹೋಗಿ ನಿಂತಳು. ಹುಡುಕುವುದೇನೂ ಬೇಕಾಗಲಿಲ್ಲ. ಕಿವಿಯ ಹಿಂದೆ ಅದು ಅದರ ಪಾಡಿಗೆ ಇತ್ತು. ಕೂದಲು ಕತ್ತರಿಸಿಕೊಂಡು ಇಷ್ಟು ದಿನವಾದರೂ ತಾನು ಆ ಕುತ್ತಿಗೆಯನ್ನು ಒಮ್ಮೆ ತಿರುಗಿಯೂ ನೋಡಿರಲಿಲ್ಲವಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಬೆರಳಿನಿಂದ ಮುಟ್ಟಿ ನೋಡಿದಳು, ಒಂಚೂರು ಉಬ್ಬಿತ್ತು. ತಾನಿಡುವ ಮಚ್ಚೆಗಳು ಉಬ್ಬಿರುವುದಿಲ್ಲ.

ಕಡ್ಡಿ ಬೆಚ್ಚಿ ತಿರುಗಿದಳು. "ಏನಮ್ಮ?"

"ಗಾಳಿಪಟ ನೀನೇನಾ?"

ಹುಡುಗಿಯ ಮುಖ ಸಪ್ಪೆಯಾಯಿತು. ಸುಳ್ಳು ಹೇಳಲು ಬಾಯಿ ತೆರೆದು, ಆಮೇಲೆ ಮುಚ್ಚಿಕೊಂಡು, ಹೌದೆಂದು ತಲೆ ಆಡಿಸಿದಳು.

"ಫೋಟೋ ಎಲ್ಲಿಂದ ತಗೊಂಡೆ?"

"ಅಪ್ಪನ ಕ್ಯಾಮೆರಾ ಕಾರ್ಡಿಂದ. ನೀನು ಚೆಂದ ಮಾಡೋಕೆ ಮುಂಚೆ ಇರುತ್ತಲ್ಲ, ಅದು." ಪೆನ್ನು ಕೆಳಗಿಟ್ಟಳು. "ನಿನ್ನ ಫೋಟೋಗಳಲ್ಲಿ ನಾನಿರೋದೇ ಇಲ್ಲಮ್ಮ. ಅದು ಯಾರೋ ನಯವಾದ ಹುಡುಗಿ. ಅದಕ್ಕೇ ಟ್ಯೂಷನ್‌ನವರಿಗೂ ಬೇಕಾಯ್ತು. ನಾನು ಇರೋ ಥರದ್ದು ಒಂದಾದ್ರೂ ಎಲ್ಲಾದ್ರೂ ಇರಲಿ ಅನ್ನಿಸ್ತು. ನನ್ನ ಹೆಸರು ಹಾಕಿಲ್ಲ. ಕಾಲೇಜು ಹೆಸರಿಲ್ಲ, ಊರಿಲ್ಲ. ಪೂರ್ತಿ ಮುಖ ಕಾಣೋ ಫೋಟೋ ಒಂದೂ ಇಲ್ಲ. ಅದೆಲ್ಲ ನೀನೇ ಹೇಳಿಕೊಟ್ಟಿದ್ದು. ಬೇಕಿದ್ರೆ ತೆಗೆದುಹಾಕ್ತೀನಿ."

ಬೈಗುಳವನ್ನೆಲ್ಲ ಫೋಟೋದಮ್ಮ ಹೊಲಿಗೆ ಅಂಗಡಿಯಲ್ಲೇ ಖರ್ಚು ಮಾಡಿ ಬಂದಿದ್ದಳು. ಮಗಳ ತಲೆಯ ಮೇಲೆ ಕೈಯಿಟ್ಟು, ಆ ಗಿಡ್ಡ ಕೂದಲನ್ನು ಒಮ್ಮೆ ಸವರಿ, "ಇರಲಿ ಬಿಡು. ಇನ್ನು ಮೇಲೆ ಹಾಕೋ ಮುಂಚೆ ನನಗೆ ತೋರಿಸು" ಎಂದಳು. ಕದ್ದದ್ದೇನೋ ಹೌದು, ಕದ್ದದ್ದು ಅವಳದೇ ಮುಖವನ್ನು. ಅದಕ್ಕೆ ಯಾವ ಶಿಕ್ಷೆ ಕೊಡುವುದು?

ಆ ಸಂಜೆ ಸ್ಟುಡಿಯೋದಲ್ಲಿ ಕಂಪ್ಯೂಟರಿಗೆ ತಾನೇ ಕಲಿಸಿದ ಪಾಠವನ್ನು ಬಂದ್ ಮಾಡಿ ಕಾರ್ಡು ಹಾಕಿದಳು. ಪರದೆಯ ಮೇಲೆ ಮಗಳು ಬಂದಳು. ದವಡೆಯ ಹತ್ತಿರ ಒಂದೆರಡು ಮೊಡವೆಯ ಗುರುತು, ಕುತ್ತಿಗೆಯಲ್ಲಿ ಬೆಕ್ಕು ಪರಚಿದ ಸಣ್ಣ ಗೆರೆ, ಕಿವಿಯ ಹಿಂದೆ ಮಚ್ಚೆ. ಬೋಳುಬೋಳಾಗಿ ಕಂಡ ಜಾಗ ಯಾಕೆ ಹಾಗೆ ಕಂಡಿತ್ತೆಂದು ಆಗ ಅವಳಿಗೆ ಗೊತ್ತಾಯಿತು. ಅಲ್ಲಿದ್ದದ್ದನ್ನು ತನ್ನ ಕಂಪ್ಯೂಟರೇ ಅಳಿಸಿತ್ತು, ಅಳಿಸಿದ ಜಾಗದ ಮೇಲೆ ತಾನೇ ಇನ್ನೊಂದು ಇಟ್ಟು, ಅದರ ಸಾಕ್ಷಿ ಹಿಡಿದು ಅಕ್ಕನನ್ನು ಕಳ್ಳಿ ಎಂದಿದ್ದಳು. ಗಂಡ ಪಕ್ಕದಲ್ಲಿ ನಿಂತು ನೋಡುತ್ತಿದ್ದ. ಅವನೂ ಆವತ್ತು ನಗೆಯಾಡಲಿಲ್ಲ.

ಮರುದಿನ ಆ ಫೋಟೋವನ್ನು ದೊಡ್ಡದಾಗಿ ಕಾಗದದ ಮೇಲೆ ತೆಗೆಸಿಕೊಂಡು ಹೊಲಿಗೆ ಅಂಗಡಿಗೆ ಹೋದಳು. ಅದರ ಮೇಲೆ ಹೆಸರು ಹಾಕಿರಲಿಲ್ಲ, ನಂಬರ್ ಹಾಕಿರಲಿಲ್ಲ. ಅಕ್ಕ ಅದನ್ನು ಕೈ ಚಾಚಿ ದೂರ ಹಿಡಿದು ನೋಡಿದಳು.

"ಹ್ಞಾಂ. ಇದು ನಮ್ಮ ಕಡ್ಡಿ" ಎಂದಳು.

"ಅಕ್ಕಾ, ನಿನ್ನೆ ಆಡಿದ್ದು ತಪ್ಪಾಯ್ತು. ಬಾಯಿ ಜಾರ್ತು. ಮನಸ್ಸಲ್ಲಿಟ್ಕೋಬೇಡ."

ಅಕ್ಕ ಫೋಟೋದಿಂದ ಕಣ್ಣು ತೆಗೆಯಲಿಲ್ಲ. "ಕಳ್ಳಿ ಅಂದಿದ್ದು ಹೋಗಲಿ, ಅದು ನನಗೆ ತಾಗಲೇ ಇಲ್ಲ. ಇನ್ನೊಂದು ಅಂದ್ಯಲ್ಲ. ಇಷ್ಟು ವರ್ಷ ಹೊರಗಿನವರು ಅಂತಿದ್ರು, ನೀನು ಅಂದಿರಲಿಲ್ಲ. ಚುಕ್ಕೆ ಅಳಿಸೋದು ನಿನ್ನ ಕಸುಬು. ಆ ಮಾತನ್ನ ಅಳಿಸೋಕೆ ಬರುತ್ತಾ ನಿನಗೆ?"

"ಬರಲ್ಲ" ಎಂದಳು ಫೋಟೋದಮ್ಮ.

ಅಕ್ಕ ಎದ್ದು, ಎರಡು ಗುಂಡುಸೂಜಿ ತೆಗೆದು, ಫೋಟೋವನ್ನು ಯಂತ್ರದ ಎದುರಿನ ಗೋಡೆಗೆ ಚುಚ್ಚಿದಳು. ಬಾಗಿಲಿಗೆ ನೇರ, ಬರುವವರಿಗೂ ಹೋಗುವವರಿಗೂ ಕಾಣುವ ಜಾಗ. ಅಳತೆ ಕೊಡಲು ಬಂದವರು ಯಾರು ಬೇಕಾದರೂ ಫೋನು ಎತ್ತಿ ಅದರದೊಂದು ಫೋಟೋ ಹೊಡೆದುಕೊಂಡು ಹೋಗಬಹುದಾದ ಜಾಗ. ಅಲ್ಲಿ ಬೇಡ, ಒಳಗೆ ಹಾಕು ಎನ್ನುವ ಮಾತು ಫೋಟೋದಮ್ಮನ ನಾಲಿಗೆಯ ತುದಿಗೆ ಬಂದುಬಿಟ್ಟಿತ್ತು. ಅದನ್ನು ನುಂಗಿಕೊಂಡು ಗಿರಾಕಿಗಳ ಬೆಂಚಿನ ಮೇಲೆ ಕೂತಳು. ಅಕ್ಕ ಕಾಲರಿನ ಹೊಲಿಗೆ ಮುಂದುವರಿಸಿದಳು. ಕೂರು ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ.